ನಮ್ಮ ಮನೆಗೆ ಬರೋ ಅಜ್ಜ ಅಜ್ಜಿಯರು



ಸ್ವಲ್ಪ ಉದ್ದ ಇದೆ. ಬಿಡುವು ಇದ್ದಾಗ ಓದಿ.

ಮೊನ್ನೆ ಪಕ್ಕದ ತಾಲೂಕಿನಲ್ಲಿ ಹೋಂಸ್ಟೇ ನಡೆಸೋ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಮಾತಿನ ಮಧ್ಯೆ, "ಎಪ್ಪತ್ತು ದಾಟಿದವರ ಬುಕಿಂಗ್ ತಗೊಳ್ಳೋದೇ ಬಿಟ್ಟಿದ್ದೀನಿ ಮಾರಾಯ್ತಿ. ಜಾರಿ ಬಿದ್ರೆ ನಮ್ಮ ತಲೆಗೆ. ಊಟ ಸೇರಲ್ಲ. ರಾತ್ರಿ ಮೂರು ಸಲ ಎದ್ದು ಲೈಟ್ ಹಾಕ್ತಾರೆ" ಅಂದರು. ನನಗೆ ನಗು ಬಂತು. ನಮ್ಮ ಮನೆಯಲ್ಲಿ ಇದು ಉಲ್ಟಾ. "ಜೊತೆಗೆ ನಮ್ಮ ಅಮ್ಮನೂ ಬರ್ತಾರೆ, ಎಂಬತ್ತೆರಡು ವಯಸ್ಸು, ಪರವಾಗಿಲ್ವಾ?" ಅಂತ ಯಾರಾದರೂ ಹಿಂಜರೀತಾ ಕೇಳಿದರೆ, ಒಳಗಿನಿಂದಲೇ ನಮ್ಮವ್ವ "ಬರೋಕೆ ಹೇಳು, ಬರೋಕೆ ಹೇಳು" ಅಂತ ಕೂಗ್ತಾಳೆ.

ನನ್ನನ್ನು ನೀವೆಲ್ಲ ನೋಡಿರೋದು ತಾಲೂಕು ಕಚೇರಿ ಮುಂದೆ, ಲೈನ್ ಮನೆ ಜನರಿಗೆ ನಿವೇಶನ ಕೊಡಿ ಅಂತ ಕೂತಿರೋ ಫೋಟೋಗಳಲ್ಲಿ. ಹೊಟ್ಟೆಪಾಡಿಗೆ ಹೋಂಸ್ಟೇ ನಡೆಸ್ತೀನಿ ಅನ್ನೋದು ಕೆಲವರಿಗೆ ಮಾತ್ರ ಗೊತ್ತು. "ನೀನೂ ಬಂಡವಾಳಶಾಹಿ ಆಗ್ಬಿಟ್ಯಾ?" ಅಂತ ಕಿಚಾಯಿಸಿದವರೂ ಇದ್ದಾರೆ. ಇರಲಿ. ಇವತ್ತು ಹೋರಾಟದ ಸುದ್ದಿ ಬೇಡ. ಮನೆಗೆ ಬರೋ ವಯಸ್ಸಾದವರ ಬಗ್ಗೆ ಹೇಳ್ತೀನಿ. ಆದರೆ ಅದೂ ತಿರುಗಿ ತಿರುಗಿ ಅಲ್ಲಿಗೇ ಬಂದು ನಿಲ್ಲುತ್ತೆ, ಏನು ಮಾಡೋದು.

ಮೊದಲು ಮನೆಯ ಕಥೆ.

ಮೂಡಿಗೆರೆ ತಾಲೂಕಿನ ಒಂದು ಮೂಲೆಯಲ್ಲಿ ನಮ್ಮ ತಾತನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಗಿತ್ತು. 1991ರಲ್ಲಿ ಅಜ್ಜಿಯ ಆಪರೇಶನ್ನಿಗೆ ದುಡ್ಡಿಲ್ಲದೆ ಅಪ್ಪ ಅದನ್ನು ಪಕ್ಕದ ತೋಟದವರಿಗೆ ಬರೆದುಕೊಟ್ಟ. ಆಮೇಲೆ ಅದೇ ಜಮೀನಿಗೆ ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋದರು. ತಮ್ಮ ಜಮೀನಿನಲ್ಲೇ ದಿನಗೂಲಿ.

ಸಂಘಟನೆಗೆ ಬಂದ ಮೇಲೆ ನನಗೆ ಪಿಟಿಸಿಎಲ್ ಕಾಯಿದೆ ಗೊತ್ತಾಯಿತು. 1978ರ ಕಾಯಿದೆ ಅದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರೋ ಹಾಗಿಲ್ಲ, ಕೊಳ್ಳೋ ಹಾಗೂ ಇಲ್ಲ. ಹಾಗೆ ಮಾರಾಟ ಆಗಿದ್ದರೆ ಎ.ಸಿ. ಕೋರ್ಟಿನಲ್ಲಿ ಅರ್ಜಿ ಹಾಕಿ ವಾಪಸ್ ಪಡೀಬಹುದು. ಹಾಕಿದೆವು. ವರ್ಷಗಟ್ಟಲೆ ಅಲೆದೆವು. ಆದೇಶ ಬಂತು, ಅದರ ಮೇಲೆ ಅಪೀಲು, ಅಪೀಲಿನ ಮೇಲೆ ಇನ್ನೊಂದು. ಜಮೀನು ಕೈಗೆ ಸಿಕ್ಕಾಗ ಅಪ್ಪ ಇರಲಿಲ್ಲ. ಅವ್ವ ಬೇಲಿ ಹತ್ತಿರ ಹೋಗಿ ಒಂದು ಹಿಡಿ ಮಣ್ಣು ತಗೊಂಡು ಸೆರಗಿಗೆ ಕಟ್ಟಿಕೊಂಡಳು. ಮಾತಾಡಲಿಲ್ಲ.

ಎರಡು ಎಕರೆ ರೊಬಸ್ಟಾದಲ್ಲಿ ಸಂಸಾರ ನಡೆಯಲ್ಲ ಅಂತ ತಮ್ಮ ಸಾಲ ಮಾಡಿ ಮೂರು ಕೋಣೆಯ ಹೆಂಚಿನ ಮನೆ ಕಟ್ಟಿದ. ಮುಂದೆ ಉದ್ದಕ್ಕೆ ಜಗಲಿ. ನಡುಮನೆಯ ಗೋಡೆಗೆ ಬಾಬಾಸಾಹೇಬರ ಫೋಟೋ. "ಫೋಟೋ ಒಳಗೆ ನಿಮ್ಮ ಕೋಣೆಯಲ್ಲಿ ಹಾಕ್ಕೊಳ್ಳಿ, ಬಿಸಿನೆಸ್ಸಿಗೆ ತೊಂದರೆ" ಅಂತ ಹಿತೈಷಿಗಳು ಹೇಳಿದರು. ಅವ್ವ, "ಜಮೀನು ವಾಪಸ್ ಕೊಡ್ಸಿದೋರ್ನ ಒಳಗೆ ಬಚ್ಚಿಡೋದಾ?" ಅಂದಳು. ಫೋಟೋ ನಡುಮನೆಯಲ್ಲೇ ಉಳೀತು.

ಮೊದಲ ವರ್ಷ ಬಂದವರೆಲ್ಲ ಬೆಂಗಳೂರಿನ ಹುಡುಗರು. ಶನಿವಾರ ಮಧ್ಯಾಹ್ನ ಬರೋದು, ಕ್ಯಾಂಪ್ ಫೈರ್, ಹಾಡು, ಭಾನುವಾರ ಹನ್ನೊಂದಕ್ಕೆ ಏಳೋದು, ತಿಂಡಿ ಫೋಟೋ ತೆಗೆದು ಹೋಗೋದು. ಪಾಪ, ಒಳ್ಳೇ ಮಕ್ಕಳೇ. ಆದರೆ ಅವರು ಹೋದ ಮೇಲೆ ಮನೆಗೆ ಯಾರೋ ಬಂದಿದ್ದರು ಅನ್ನಿಸ್ತಿರಲಿಲ್ಲ.

ಮೊದಲ ಸಲ ಒಬ್ಬ ಅಜ್ಜ ಬಂದಾಗ ವ್ಯತ್ಯಾಸ ಗೊತ್ತಾಯಿತು. ರೈಲ್ವೆಯಲ್ಲಿದ್ದು ರಿಟೈರ್ ಆದವರು, ಮಗನ ಜೊತೆ ಬಂದಿದ್ದರು. ಬೆಳಿಗ್ಗೆ ಐದಕ್ಕೇ ಎದ್ದು ಜಗಲಿಯಲ್ಲಿ ಕೂತಿದ್ದರು. ನಾನು ಬಚ್ಚಲೊಲೆಗೆ ಬೆಂಕಿ ಹಾಕೋಕೆ ಹೋದರೆ, "ಹಸಿ ಸೌದೆ ಹೊಗೆ ಬರುತ್ತೆ ಕಣಮ್ಮ, ಆ ಒಣ ಸಿಪ್ಪೆ ಮೊದಲು ಇಡು" ಅಂದರು. ನಮ್ಮನೆಯ ಗೋಡೆ ಗಡಿಯಾರ ಎಂಟು ತಿಂಗಳಿಂದ ನಿಂತಿತ್ತು. ಮಧ್ಯಾಹ್ನದೊಳಗೆ ಅದನ್ನು ಬಿಚ್ಚಿ ಒರೆಸಿ ನಡೆಯೋ ಹಾಗೆ ಮಾಡಿದರು. ಈಗಲೂ ನಡೀತಿದೆ, ದಿನಕ್ಕೆ ಎರಡು ನಿಮಿಷ ಮುಂದೆ. ಅದನ್ನು ಸರಿ ಮಾಡಿಸೋಕೆ ನನಗೆ ಮನಸ್ಸಿಲ್ಲ.

ವಯಸ್ಸಾದವರು ಬಂದರೆ ಮನೆಯ ಹೊತ್ತೇ ಬದಲಾಗುತ್ತೆ. ಅವರಿಗೆ ವ್ಯೂ ಪಾಯಿಂಟ್ ಬೇಡ, ವೈಫೈ ಬೇಡ. ಬಿಸಿನೀರು ಬೇಕು, ಬಿಸಿಲು ಎಲ್ಲಿ ಬೀಳುತ್ತೆ ಅಂತ ಬೇಕು, ಮಾತಾಡೋಕೆ ಒಂದು ಜನ ಬೇಕು. ಗಿಡದ ಹೆಸರು ಕೇಳ್ತಾರೆ. ಹೇಳಿದರೆ "ನಮ್ಮ ಕಡೆ ಇದಕ್ಕೆ ಬೇರೆ ಹೆಸರು" ಅಂತ ಇನ್ನೊಂದು ಹೆಸರು ಕೊಡ್ತಾರೆ. ಗುಲ್ಬರ್ಗದ ಕಡೆಯ ಒಬ್ಬ ಅಜ್ಜಿ ನಮ್ಮ ಒಲೆಯಲ್ಲಿ ಜೋಳದ ರೊಟ್ಟಿ ಬಡಿದರು. ಅವ್ವ ಅಕ್ಕಿ ರೊಟ್ಟಿ ತಟ್ಟಿದಳು. ಇಬ್ಬರ ಕನ್ನಡ ಇಬ್ಬರಿಗೂ ಅರ್ಧ ಅರ್ಧ ಅರ್ಥ ಆಗ್ತಿತ್ತು. ಆದರೂ ಮೂರು ಗಂಟೆ ಮಾತಾಡಿದರು. ಹೋಗುವಾಗ ಆ ಅಜ್ಜಿ ಅವ್ವನ ಕೈ ಹಿಡಿದು ಬಿಡಲೇ ಇಲ್ಲ, ಮಗ ಕಾರಿನಲ್ಲಿ ಹಾರ್ನ್ ಹೊಡೀತಾನೇ ಇದ್ದ.

ಅವರಿಗೋಸ್ಕರ ಮನೆಯಲ್ಲಿ ಏನೇನು ಮಾಡಿಕೊಂಡೆವು ಅಂತಲೂ ಹೇಳಿಬಿಡ್ತೀನಿ, ಹೋಂಸ್ಟೇ ಮಾಡೋರಿಗೆ ಉಪಯೋಗ ಆಗಲಿ. ಒಂದು ಕೋಣೆಗೆ ಮೆಟ್ಟಿಲೇ ಇಲ್ಲದ ಹಾಗೆ ಇಳಿಜಾರು ಮಾಡಿಸಿದೆವು. ಬಚ್ಚಲಲ್ಲಿ, ಕಮೋಡಿನ ಪಕ್ಕ ಗೋಡೆಗೆ ಸ್ಟೀಲ್ ಹಿಡಿಕೆ. ಜಾರದ ಟೈಲ್ಸು. ಕೂತು ಸ್ನಾನ ಮಾಡೋಕೆ ಒಂದು ಪ್ಲಾಸ್ಟಿಕ್ ಸ್ಟೂಲು. ಕೂತರೆ ಪಾದ ನೆಲ ಮುಟ್ಟೋ ಅಷ್ಟೇ ಎತ್ತರದ ಮಂಚ. ಮಂಚದಿಂದ ಬಚ್ಚಲವರೆಗೆ ರಾತ್ರಿ ಪೂರ್ತಿ ಉರಿಯೋ ಸಣ್ಣ ಬಲ್ಬು. ಗೆಳೆಯರು ಹೇಳಿದರಲ್ಲ, ರಾತ್ರಿ ಮೂರು ಸಲ ಲೈಟ್ ಹಾಕ್ತಾರೆ ಅಂತ. ಲೈಟ್ ಮೊದಲೇ ಉರೀತಿದ್ದರೆ ಅವರು ಯಾಕೆ ಹಾಕ್ತಾರೆ? ಬಂದ ತಕ್ಷಣ ಯಾವ ಮಾತ್ರೆ, ಊಟಕ್ಕೆ ಮೊದಲಾ ಆಮೇಲಾ ಅಂತ ಕೇಳಿಟ್ಟುಕೊಳ್ತೀನಿ. ರಾತ್ರಿ ಊಟ ಏಳೂವರೆಗೆ. ಜೀಪು ಯಾವಾಗಲೂ ಮುಖ ಹೊರಗೆ ಮಾಡಿ ನಿಂತಿರುತ್ತೆ. ಇಷ್ಟೇ. ಇದರಲ್ಲಿ ತಲೆನೋವು ಏನಿದೆ?

ತಲೆನೋವು ಬೇರೆ ಕಡೆ ಇದೆ. ಅದನ್ನೂ ಹೇಳ್ತೀನಿ.

ವಯಸ್ಸಾದವರಿಗೆ ಕೇಳೋಕೆ ಸಂಕೋಚ ಇಲ್ಲ. ಹುಡುಗರು ಗೂಗಲ್ ಮಾಡ್ತಾರೆ, ನಮ್ಮ ಮುಖ ನೋಡ್ತಾರೆ, ಫೋಟೋ ನೋಡ್ತಾರೆ, ಸುಮ್ಮನಾಗ್ತಾರೆ. ಹಿರಿಯರು ಕಾಫಿ ಲೋಟ ಕೈಯಲ್ಲಿ ಹಿಡಿದೇ ಕೇಳ್ತಾರೆ, "ನೀವು ಯಾವ ಜನ?" ನಾನು ಹೇಳ್ತೀನಿ. ಸುಳ್ಳು ಹೇಳಲ್ಲ, ಸುತ್ತಿ ಬಳಸಿ ಹೇಳಲ್ಲ. ಆಮೇಲೆ ಒಂದು ಮೌನ ಇರುತ್ತಲ್ಲ, ಆ ಮೌನ ಎಷ್ಟು ಉದ್ದ ಅನ್ನೋದರ ಮೇಲೆ ಮುಂದಿನ ಎರಡು ದಿನ ಹೇಗೆ ಅಂತ ಗೊತ್ತಾಗುತ್ತೆ.

ಒಂದು ಕುಟುಂಬ ರಾತ್ರಿ ಒಂಬತ್ತಕ್ಕೆ "ಊರಲ್ಲಿ ಯಾರಿಗೋ ಹುಷಾರಿಲ್ಲ" ಅಂತ ಹೊರಟುಹೋಯಿತು. ಹೋಗಲಿ. ಇನ್ನೊಂದು ದಂಪತಿ ನೆನಪಿನಲ್ಲಿ ಉಳಿದಿದ್ದಾರೆ. ಮೇಷ್ಟ್ರಾಗಿದ್ದವರು, ಎಂಬತ್ತರ ಹತ್ತಿರ. ಮಗಳು ಅಮೆರಿಕದಿಂದ ಮೂರು ದಿನಕ್ಕೆ ಬುಕ್ ಮಾಡಿದ್ದಳು. ಸಂಜೆ ಬಂದರು, ಕಾಫಿ ಕುಡಿದರು, ಫೋಟೋ ನೋಡಿದರು, ಕೇಳಿದರು, ಹೇಳಿದೆ. ಅಮ್ಮನವರು "ನಮಗೆ ರಾತ್ರಿ ಊಟ ಅಭ್ಯಾಸ ಇಲ್ಲ, ಬಾಳೆಹಣ್ಣು ಸಾಕು" ಅಂದರು. ಮಾರನೇ ದಿನ ಬೆಳಿಗ್ಗೆಯೂ ಬಾಳೆಹಣ್ಣು. ಮಧ್ಯಾಹ್ನ ಪೇಟೆಗೆ ಹೋಗಿ ಊಟ ಮಾಡಿ ಬಂದರು.

ನನಗೆ ಸಿಟ್ಟು. ಅವ್ವನಿಗೆ ಮಾತ್ರ ಮೇಷ್ಟ್ರ ಕಾಲಿನ ಚಿಂತೆ. "ಆ ಯಪ್ಪಂಗೆ ಮಂಡಿ ಊದಿದೆ ಕಣೇ, ನೋಡಿದ್ಯಾ?" ಅಂದಳು. ಅವ್ವನಿಗೂ ಅದೇ ಮಂಡಿ ನೋವು. ಬಿಸಿನೀರಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸಿ ಬಕೆಟ್ಟಿನಲ್ಲಿ ತಗೊಂಡು ಹೋಗಿ ಅವರ ಕೋಣೆ ಬಾಗಿಲಲ್ಲಿ ಇಟ್ಟು, "ಬಟ್ಟೆ ಅದ್ದಿ ಶಾಖ ಕೊಡಿ" ಅಂತ ಹೇಳಿ ಬಂದಳು. ಸಂಜೆ ಮತ್ತೆ ಇಟ್ಟಳು. ಮೂರನೇ ದಿನ ಬೆಳಿಗ್ಗೆ ಆ ಅಮ್ಮನವರು ಅಡುಗೆಮನೆ ಹೊಸ್ತಿಲಲ್ಲಿ ಬಂದು ನಿಂತು, "ಸೊಪ್ಪು ಯಾವುದು ತೋರಿಸ್ತೀರಾ?" ಅಂತ ಕೇಳಿದರು. ಇಬ್ಬರೂ ಬೇಲಿ ಸಾಲಿಗೆ ಹೋಗಿ ಬಂದರು. ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿದರು.

ಅಷ್ಟೇ. ಊಟ ಮಾಡಲಿಲ್ಲ. ಮನಸ್ಸು ಪರಿವರ್ತನೆ ಆಯಿತು ಅಂತ ನಾನು ಬರೆದರೆ ಸುಳ್ಳಾಗುತ್ತೆ. ಬೇರೆಯವರ ಮನಸ್ಸು ತೊಳೆಯೋದು ನಮ್ಮವ್ವನ ಕೆಲಸ ಅಲ್ಲ, ಅವಳು ಬದುಕೆಲ್ಲ ಬೇರೆಯವರ ಅಂಗಳ ತೊಳೆದಿದ್ದು ಸಾಕು. ಆದರೆ ಎರಡು ತಿಂಗಳಾದ ಮೇಲೆ ಆ ಅಮ್ಮನವರು ಫೋನ್ ಮಾಡಿದರು. ನನ್ನ ಹತ್ತಿರ ಅಲ್ಲ, "ನಿಮ್ಮ ತಾಯಿಗೆ ಕೊಡಿ" ಅಂದರು. ಇಬ್ಬರೂ ಮಂಡಿ ನೋವಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು.

ಆ ರಾತ್ರಿ ನನಗೆ ಬರೋಡಾ ನೆನಪಾಗ್ತಿತ್ತು.

ಓದಿದವರಿಗೆ ಗೊತ್ತು, ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅವರಿಗೆ ಉಳಿಯೋಕೆ ಜಾಗ ಇರಲಿಲ್ಲ. ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ಪಾರ್ಸಿ ಅಲ್ಲದವರಿಗೆ ಅಲ್ಲಿ ಜಾಗ ಇಲ್ಲ. ಉಸ್ತುವಾರಿಯವನಿಗೂ ದುಡ್ಡಿನ ಗರಜು ಇತ್ತು. ರಿಜಿಸ್ಟರಿನಲ್ಲಿ ಪಾರ್ಸಿ ಹೆಸರು ಬರೆಸೋದು ಅಂತ ಒಪ್ಪಂದ ಆಯಿತು. ದಿನಕ್ಕೆ ಒಂದೂವರೆ ರೂಪಾಯಿ. ಮಹಡಿ ಮೇಲೆ, ಬೆಳಕಿಲ್ಲದ ಜಾಗದಲ್ಲಿ, ಬೇರೆ ಒಬ್ಬ ಮನುಷ್ಯನ ಮುಖ ಇಲ್ಲದೆ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಜನ ಬಂದು ನಿಂತರು. ಸಂಜೆಯೊಳಗೆ ಖಾಲಿ ಮಾಡು ಅಂದರು. ಇಬ್ಬರು ಪರಿಚಯದವರನ್ನು ಕೇಳಿದರು. ಒಬ್ಬರು, ನೀನು ಬಂದರೆ ನಮ್ಮ ಆಳುಗಳು ಬಿಟ್ಟು ಹೋಗ್ತಾರೆ ಅಂದರು. ಇನ್ನೊಬ್ಬರು, ಹೆಂಡತಿಯನ್ನು ಕೇಳಬೇಕು ಅಂದರು. ಕಾಮಾಟಿ ಬಾಗ್ ಅನ್ನೋ ಉದ್ಯಾನದಲ್ಲಿ ಐದು ಗಂಟೆ ಕೂತು, ರಾತ್ರಿ ರೈಲು ಹತ್ತಿ ಮುಂಬೈಗೆ ವಾಪಸಾದರು. ಆಗ ಅವರಿಗೆ ಇಪ್ಪತ್ತಾರು ವಯಸ್ಸು.

ಮುಂದೆ ಸಂವಿಧಾನ ಬಂತು. ಜಾತಿ ಕಾರಣಕ್ಕೆ ಯಾರನ್ನೂ ಅಂಗಡಿ, ಹೋಟೆಲಿನಿಂದ ಹೊರಗಿಡೋ ಹಾಗಿಲ್ಲ ಅಂತ 15ನೇ ವಿಧಿ ಹೇಳುತ್ತೆ. ಅದನ್ನು ಓದುವಾಗೆಲ್ಲ ನನಗೆ ಬರೋಡಾದ ಆ ಮಹಡಿ ಕಾಣುತ್ತೆ. ಈಗ ನೋಡಿ, ಅವರ ಫೋಟೋ ಕೆಳಗೆ ಟೇಬಲ್ಲು, ಟೇಬಲ್ಲಿನ ಮೇಲೆ ನಮ್ಮ ರಿಜಿಸ್ಟರು. ರಿಜಿಸ್ಟರ್ ಹಿಡಿದು ಕೂತವಳು ನಾನು. ಹೆಸರು, ಊರು, ವಯಸ್ಸು, ಫೋನ್ ನಂಬರು, ಬಂದ ಉದ್ದೇಶ. ಇಷ್ಟೇ ಕಾಲಂ. ಇನ್ನೊಂದು ಕಾಲಂ ಇಲ್ಲ. ಬಾಳೆಹಣ್ಣು ತಿಂದು ಮಲಗಿದವರಿಗೂ ಮೆತ್ತನೆ ಹಾಸಿಗೆ, ರಾತ್ರಿ ದೀಪ. ನಮ್ಮ ಹೊಸ್ತಿಲಿಂದ ಯಾರೂ ಪೆಟ್ಟಿಗೆ ಹೊತ್ತು ಪಾರ್ಕಿನಲ್ಲಿ ಕೂರೋಕೆ ಹೋಗಬಾರದು. ಇದು ದೊಡ್ಡತನ ಅಲ್ಲ. ನಮಗೆ ಗೊತ್ತಿರೋ ನೋವು ಅಷ್ಟೇ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ.

ಮನೆ ಕಟ್ಟಿದ ಎರಡನೇ ವರ್ಷ ಅವ್ವ ಒಂದು ಮಾತು ಕೇಳಿದಳು. "ಬೆಂಗ್ಳೂರೋರು ಬರ್ತಾರೆ, ಮೈಸೂರೋರು ಬರ್ತಾರೆ. ನಮ್ಮೋರು ಯಾವತ್ತು ಬರೋದು?"

ನಮ್ಮೋರು ಅಂದರೆ ಅವ್ವನ ಜೊತೆ ಕುಕ್ಕೆ ಕಟ್ಟಿಕೊಂಡು ಹಣ್ಣು ಕುಯ್ದವರು. ಮಳೆಗಾಲದಲ್ಲಿ ಗೊರಬು ಹಾಕಿಕೊಂಡು, ಇಂಬಳ ಕಚ್ಚಿಸಿಕೊಂಡು ತೋಟದ ಕೆಲಸ ಮಾಡಿದವರು. ಜನ ನೋಡೋಕೆ ಬರೋ ಈ ಹಸಿರು ಬೆಟ್ಟ ಇದೆಯಲ್ಲ, ಅದರಲ್ಲಿ ಅರ್ಧ ಅವರ ಕೈಯಲ್ಲಿ ನೆಟ್ಟಿದ್ದು. ತೋಟ ಕಾರ್ಮಿಕರಿಗೆ ವಾಸಕ್ಕೆ ಮನೆ ಕೊಡಬೇಕು ಅಂತ 1951ರಲ್ಲೇ ಕಾಯಿದೆ ಬಂದಿತ್ತು. ಅವರು ಇರೋದು ಲೈನ್ ಮನೆಯಲ್ಲಿ. ಮೈಯಲ್ಲಿ ಶಕ್ತಿ ಇರೋವರೆಗೆ ಅದು ಮನೆ, ಆಮೇಲೆ ಮಗನೋ ಸೊಸೆಯೋ ಕೆಲಸಕ್ಕೆ ನಿಂತರೆ ಮಾತ್ರ ಮನೆ. ನಲವತ್ತು ವರ್ಷ ದುಡಿದವರ ಕೈಗೆ ಈಗ ಬರೋದು ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ. ಅವರಿಗೆ ರಜೆ ಅಂದರೆ ಜ್ವರ ಬಂದ ದಿನ.

ಸರಿ, ಏಪ್ರಿಲ್ 14ರ ಜಯಂತಿ ಮುಗಿದ ಮೇಲೆ, ವಾರದ ಮಧ್ಯೆ ಬುಕಿಂಗ್ ಇಲ್ಲದ ಮೂರು ದಿನ ಅಂತ ತೀರ್ಮಾನ ಮಾಡಿದೆವು. ಮೊದಲ ಸಲ ಒಂಬತ್ತು ಜನ. ಜೀಪಿನಲ್ಲಿ ಎರಡು ಟ್ರಿಪ್ಪು.

ಜೀಪಿಂದ ಇಳಿದವರು ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟರು. ಅಂಗಳದಲ್ಲಿ ಒಂದು ನಿಮಿಷ ನಿಂತರು. ಆಮೇಲೆ ಏನು ಮಾಡಿದರು ಗೊತ್ತಾ? ಮನೆ ಸುತ್ತಿ ಹಿತ್ತಲ ಕಡೆ ಹೊರಟರು. ಯಾರೂ ಹೇಳಿರಲಿಲ್ಲ. ಕಾಲಿಗೆ ದಾರಿ ಗೊತ್ತಿತ್ತು. ಹೆಂಚಿನ ಮನೆ, ಉದ್ದ ಜಗಲಿ ಕಂಡರೆ ಹಿಂದಿನಿಂದ ಹೋಗಬೇಕು ಅಂತ.

ಅವ್ವ ಜಗಲಿಯಿಂದ ಕೂಗಿದಳು. "ಏಯ್, ಎಲ್ಲಿಗೆ ಹೋಯ್ತೀರ? ಮುಂದ್ಗಡೆಯಿಂದ ಬನ್ರೇ! ಮನೆ ನಂದು ಕಣ್ರೇ!"

ಎಲ್ಲರೂ ನಕ್ಕರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮೊದಲ ದಿನ ಬಹಳ ಕಷ್ಟ ಆಯಿತು, ನಿಜ ಹೇಳ್ತೀನಿ. ಯಾರೂ ಕುರ್ಚಿ ಮೇಲೆ ಕೂರಲಿಲ್ಲ. ಊಟ ಬಡಿಸೋಕೆ ಹೋದರೆ "ನೀ ಕೂತ್ಕೋ ಮಗಾ, ನಾವು ಬಡಿಸ್ಕೋತೀವಿ" ಅಂತ ಪಾತ್ರೆ ಕಿತ್ತುಕೊಂಡರು. ರಾತ್ರಿ ಹಾಸಿಗೆಯ ಬೆಡ್‌ಶೀಟ್ ಮಡಚಿ ಪಕ್ಕಕ್ಕಿಟ್ಟು ನೆಲದ ಮೇಲೆ ಮಲಗಿದರು. "ಮಾಸೋಗುತ್ತೆ" ಅಂತ. ಬೆಳಗಿನ ಜಾವ ನಾಲ್ಕಕ್ಕೆ ಪೊರಕೆ ಸದ್ದು. ಎದ್ದು ನೋಡಿದರೆ ದೊಡ್ಡವ್ವ ಒಬ್ಬಳು ಬ್ಯಾಟರಿ ಬೆಳಕಿನಲ್ಲಿ ಅಂಗಳ ಗುಡಿಸ್ತಿದ್ದಾಳೆ. ಎಂಬತ್ತು ದಾಟಿದವಳು, ಬೆನ್ನು ಬಾಗಿದೆ.

ಆ ದೊಡ್ಡವ್ವನೇ ಕಾಫಿ ಕುಡಿದು ಲೋಟ ತೊಳೆದು, ಒಳಗೆ ತರಲಿಲ್ಲ. ಹೊರಗೆ ಗೋಡೆಯ ಸಂದಿನಲ್ಲಿ, ಸೂರಿನ ಕೆಳಗೆ, ಬೋರಲು ಹಾಕಿ ಇಟ್ಟಳು. ಅವರ ಕಾಲದಲ್ಲಿ ಸೂರಿನ ಕೆಳಗೆ ಕರಟ ಇರ್ತಿತ್ತು. ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಿ ಹೋಗಬೇಕು. ಕರಟ ಹೋಗಿ ಬೇರೆ ಲೋಟ ಬಂತು, ಲೋಟದ ಜಾಗ ಅದೇ.

ನನಗೆ ತಡೀಲಿಲ್ಲ. ಎಲ್ಲರನ್ನೂ ಕೂರಿಸಿಕೊಂಡು ಶುರು ಮಾಡಿದೆ. ಸ್ವಾಭಿಮಾನ, ಹಕ್ಕು, ಸಂವಿಧಾನದ 17ನೇ ವಿಧಿ. ಹತ್ತು ನಿಮಿಷ ಮಾತಾಡಿರಬೇಕು. ಅವರೆಲ್ಲ ಕೈಕಟ್ಟಿಕೊಂಡು ತಲೆ ತಗ್ಗಿಸಿ ಕೇಳಿದರು, ತೋಟದ ರೈಟ್ರು ಬೈಯುವಾಗ ಕೇಳ್ತಾರಲ್ಲ, ಹಾಗೆ.

ಅವ್ವ ಅಡುಗೆಮನೆಯಿಂದ ಬಂದು, "ಭಾಷಣ ಸಾಕು ಮಾಡೇ. ಬಿಸಿ ಕಾಪಿ ಕುಡಿಯಾಕೆ ಬಿಡು" ಅಂದಳು. ಆಮೇಲೆ ಒಳಗೆ ಕರೆದು ಮೆಲ್ಲಗೆ ಹೇಳಿದಳು. "ಅವ್ರಿಗೆ ನೀನೂ ಒಬ್ಬ ಮೇಸ್ತ್ರಿ ಆಗ್ಬ್ಯಾಡ. ಕೈಗೆ ಅಭ್ಯಾಸ ಆಗಿರೋದು ಕೈಯಿಂದ್ಲೇ ಹೋಗ್ಬೇಕು."

ಇಪ್ಪತ್ತು ವರ್ಷದ ಹೋರಾಟದಲ್ಲಿ ನನಗೆ ಯಾರೂ ಹೀಗೆ ಬುದ್ಧಿ ಹೇಳಿರಲಿಲ್ಲ.

ಅವ್ವ ಏನು ಮಾಡಿದಳು ಅಂದರೆ, ಲೋಟ ಎತ್ತಿಕೊಂಡು ಬಂದು ನಮ್ಮ ಲೋಟಗಳ ಜೊತೆ ಇಟ್ಟಳು. ಮಾತಿಲ್ಲ. ದೊಡ್ಡವ್ವ ಮತ್ತೆ ಹೊರಗಿಟ್ಟಳು. ಅವ್ವ ಮತ್ತೆ ಒಳಗೆ ತಂದಳು. ಎರಡು ದಿನ ಇದೇ ಆಟ. ಮೂರನೇ ದಿನ ದೊಡ್ಡವ್ವ ಕಾಫಿ ಕುಡಿದು ಲೋಟ ಪಕ್ಕದಲ್ಲಿಟ್ಟು, ತೊಳೆಯದೆ, ಹಾಗೇ ಕೂತಳು. ಅವ್ವ ಬಂದು ಎತ್ತಿಕೊಂಡು ಹೋದಳು. ದೊಡ್ಡವ್ವ ಅವಳು ಹೋಗೋದನ್ನೇ ನೋಡ್ತಾ ಕೂತಿದ್ದಳು.

ಎರಡನೇ ದಿನದಿಂದ ಎಲ್ಲ ಸಡಿಲ ಆಯಿತು. ಊಟ ಅವರಿಗೆ ಬೇಕಾದ್ದು. ಅಕ್ಕಿ ಕಡುಬು, ನಾಟಿಕೋಳಿ ಸಾರು, ಎಳೆ ಹಲಸಿನಕಾಯಿ ಪಲ್ಯ, ಒಣಮೀನು ಸುಟ್ಟು ಮಾಡಿದ ಚಟ್ನಿ. ಹಲ್ಲಿಲ್ಲದವರಿಗೆ ಕಡುಬು ಸಾರಿನಲ್ಲಿ ನೆನೆಸಿ. ಹೂಮಳೆ ಬಂದು ಹೋಗಿತ್ತು, ಗಿಡದಲ್ಲಿ ಕಾಯಿ ಕಚ್ಚಿತ್ತು. ಸಂಜೆ ಒಂದು ಮಳೆ ಹೊಡೆಯಿತು. ಎಲ್ಲರೂ ಜಗಲಿಯಲ್ಲಿ ಕೂತು ಮಳೆ ನೋಡಿದರು. "ಮಳೆಲಿ ಒದ್ದೆ ಆಗ್ದೆ ಕೂತಿರೋದು ಎಷ್ಟು ಚೆನ್ನಾಗೈತೆ ಅಲ್ವಾ" ಅಂದಳು ಒಬ್ಬ ಅಜ್ಜಿ.

ಒಬ್ಬ ಅಜ್ಜ ನಮ್ಮ ಬೇಲಿಯಾಚೆ ಪಕ್ಕದ ತೋಟದ ಸಿಲ್ವರ್ ಓಕ್ ಸಾಲನ್ನು ತೋರಿಸಿ, "ಆ ಸಾಲು ನಾನು ನೆಟ್ಟಿದ್ದು. ನನ್ನ ಮದುವೆ ಆದ ವರ್ಷ. ನನ್ನ ಮಂಡಿಯುದ್ದ ಇದ್ವು" ಅಂದರು. ಈಗ ಅವು ಆಕಾಶಕ್ಕೆ ನಿಂತಿವೆ, ಮೈತುಂಬ ಮೆಣಸಿನ ಬಳ್ಳಿ. ಅಜ್ಜ ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡು ಕೂತರು. ಹೌದು, ಕುರ್ಚಿ ಮೇಲೆ. "ಬುಡ ನೋಡಿದ್ದೆ, ತುದಿ ನೋಡಿರ್ಲಿಲ್ಲ. ತಲೆ ಎತ್ತಕ್ಕೆ ಟೈಮೆಲ್ಲಿತ್ತು?" ಅಂದರು.

ಮರುದಿನ ಬೆಳಿಗ್ಗೆ ಜೀಪಿನಲ್ಲಿ ದೇವರಮನೆ ಬೆಟ್ಟದ ಕಡೆ ಕರೆದುಕೊಂಡು ಹೋದೆವು. ಟೂರಿಸ್ಟುಗಳು ಮುನ್ನೂರು ಕಿಲೋಮೀಟರ್ ದೂರದಿಂದ ಬರೋ ಜಾಗ. ಇದೇ ತಾಲೂಕಿನಲ್ಲಿ ಹುಟ್ಟಿ ಬೆಳೆದ ಈ ಒಂಬತ್ತು ಜನರಲ್ಲಿ ಏಳು ಜನ ನೋಡಿರಲಿಲ್ಲ. ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂರಿಸಿದೆವು. ಕೆಳಗೆ ಘಟ್ಟ, ಮಂಜು ಏರಿ ಬರ್ತಿತ್ತು. ದೊಡ್ಡವ್ವ ಬಹಳ ಹೊತ್ತು ನೋಡಿ, "ಇಷ್ಟು ದಿನ ಇದು ಇಲ್ಲೇ ಇತ್ತಾ?" ಅಂತ ಕೇಳಿದಳು. ಎಲ್ಲರೂ ನಕ್ಕೆವು. ನಗೋ ಮಾತಲ್ಲ ಅಂತ ಆಮೇಲೆ ಗೊತ್ತಾಯಿತು.

ಹೊರಡೋ ದಿನ ರಿಜಿಸ್ಟರ್ ತೆಗೆದೆ. ಬಿಟ್ಟಿ ಬಂದವರಿಗೂ ರಿಜಿಸ್ಟರ್ ಬೇಕಾ ಅಂತ ತಮ್ಮ ಕೇಳಿದ. ಬೇಕು. ಅತಿಥಿ ಅಂದ ಮೇಲೆ ಹೆಸರು ಬರೀಬೇಕು. ಹಾಜರಿ ಪುಸ್ತಕದಲ್ಲಿ, ಮುಂಗಡ ಸಾಲದ ಪುಸ್ತಕದಲ್ಲಿ ಅವರ ಹೆಸರು ಸಾಕಷ್ಟು ಸಲ ಬರೆದಿದ್ದಾರೆ. ಈ ಥರದ ಪುಸ್ತಕದಲ್ಲಿ ಒಂದು ಸಲವೂ ಇಲ್ಲ.

ದೊಡ್ಡವ್ವನ ಸರದಿ ಬಂತು. ಹೆಸರು ಬರೆದೆ, ಊರು ಬರೆದೆ. ವಯಸ್ಸಿಗೆ "ನೀನೇ ಅಂದಾಜು ಹಾಕು" ಅಂದಳು. ಫೋನಿಗೆ ಮೊಮ್ಮಗನ ನಂಬರು. ಕೊನೇ ಕಾಲಂ, ಬಂದ ಉದ್ದೇಶ.

"ಏನಂತ ಬರೀಲಿ ದೊಡ್ಡವ್ವ? ಯಾಕೆ ಬಂದಿದ್ದೆ ಅಂತ ಬರೀಬೇಕು."

ಅವಳು ಯೋಚನೆ ಮಾಡಿದಳು. ಆ ವಯಸ್ಸಿನವರೆಗೆ ಅವಳು ಬೇರೆ ಮನೆಯ ಅಂಗಳಕ್ಕೆ ಹೋಗಿದ್ದೆಲ್ಲ ಒಂದು ಕಾರಣಕ್ಕೆ. ಗುಡಿಸೋಕೆ, ಬಟವಾಡೆಗೆ, ಸಾಲ ಕೇಳೋಕೆ, ಸತ್ತ ಸುದ್ದಿ ಹೇಳೋಕೆ, ಮದುವೆ ಊಟ ಮುಗಿದ ಮೇಲೆ ಉಳಿದದ್ದು ತರೋಕೆ.

"ಸುಮ್ನೆ ಬಂದಿದ್ದೆ ಅಂತ ಬರಿ" ಅಂದಳು.

ಬರೆದೆ. ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಶಾಯಿ ಆದ ಬೆರಳನ್ನು ಸೀರೆಗೆ ಒರೆಸಿಕೊಳ್ಳೋಕೆ ಹೋದಳು, ಅವ್ವ ತನ್ನ ಸೆರಗು ಕೊಟ್ಟಳು.

ಹೋಂಸ್ಟೇ ಮಾಡಿ ನಾನು ಎಷ್ಟು ದುಡಿದೆ ಅಂತ ಯಾರಾದರೂ ಕೇಳಿದರೆ ಬ್ಯಾಂಕಿನ ಪಾಸ್‌ಬುಕ್ ತೋರಿಸಲ್ಲ, ಆ ಪುಟ ತೋರಿಸ್ತೀನಿ.

ಪ್ರತಿ ವರ್ಷ ಈ ಮೂರು ದಿನ ನಡೀತಿದೆ. ಈ ಏಪ್ರಿಲ್‌ನಲ್ಲಿ ಆ ಒಂಬತ್ತು ಜನರಲ್ಲಿ ಐದು ಜನ ಬಂದರು. ಒಬ್ಬರು ಎದ್ದು ಓಡಾಡೋ ಸ್ಥಿತಿಯಲ್ಲಿಲ್ಲ. ಮೂವರು ಇಲ್ಲ. ದೊಡ್ಡವ್ವ ಹೋದ ಮಳೆಗಾಲದಲ್ಲಿ ಹೋದಳು. ಸಿಲ್ವರ್ ಓಕ್ ಅಜ್ಜ ಇದ್ದಾರೆ. ಬಂದ ತಕ್ಷಣ, ಯಾರೂ ಹೇಳದೆ, ಮುಂಬಾಗಿಲಿಂದ ಬಂದು ಕುರ್ಚಿ ತಿರುಗಿಸಿಕೊಂಡು ಕೂತರು. "ಕಾಪಿ ತಾ ಮಗಾ, ಸಕ್ಕರೆ ಜಾಸ್ತಿ" ಅಂತ ಗದರಿದರು. ಹಾಗೆ ಗದರಿಸಿಕೊಳ್ಳೋ ಖುಷಿ ನಿಮಗೂ ಒಂದು ಸಲ ಸಿಗಲಿ.

ಕೊನೆಗೆ ಎರಡು ಮಾತು.

ಹೋಂಸ್ಟೇ ನಡೆಸೋ ಗೆಳೆಯರೇ, ವಾರದ ಮಧ್ಯೆ ನಿಮ್ಮ ಕೋಣೆಗಳು ಖಾಲಿ ಇರ್ತಾವೆ. ವರ್ಷದಲ್ಲಿ ಎರಡು ರಾತ್ರಿ ನಿಮ್ಮದೇ ಊರಿನ ಲೈನಿನಲ್ಲಿ, ಕೇರಿಯಲ್ಲಿ, ಹಾಡಿಯಲ್ಲಿ ಇರೋ ಅಜ್ಜ ಅಜ್ಜಿಯರನ್ನು ಕರೀರಿ. ಉಪಕಾರ ಅಂತ ಅಲ್ಲ, ಫೋಟೋಗೂ ಅಲ್ಲ. ಮುಂದಿನ ಬಾಗಿಲಿಂದ ಕರೀರಿ, ರಿಜಿಸ್ಟರಿನಲ್ಲಿ ಹೆಸರು ಬರೀರಿ.

ನಮ್ಮ ಹುಡುಗ ಹುಡುಗಿಯರೇ, ನೀವು ಕೆಲಸಕ್ಕೆ ಸೇರಿ ಮೊದಲ ಸಲ ಟ್ರಿಪ್ ಹೋಗ್ತೀರಲ್ಲ, ಎರಡನೇ ಸಲ ಹೋಗುವಾಗ ಅವ್ವ ಅಪ್ಪನನ್ನು ಕರಕೊಂಡು ಹೋಗಿ. "ನಂಗ್ಯಾಕೋ, ದುಡ್ಡು ದಂಡ" ಅಂತಾರೆ. ಕೇಳಬೇಡಿ. ಮೊದಲ ದಿನ ಅವರು ಹಾಸಿಗೆ ಮೇಲೆ ಮಲಗದಿದ್ದರೆ ಬೈಯಬೇಡಿ. ಸ್ವಲ್ಪ ಟೈಮ್ ಕೊಡಿ. ಆದರೆ ಜಾಸ್ತಿ ತಡ ಮಾಡಬೇಡಿ.

ಅವ್ವ ಈಗ ಹಿಂದೆ ನಿಂತು "ಏನೇ ಅಷ್ಟು ಬರೀತಿದೀಯಾ, ನಾಳೆ ಶಿವಮೊಗ್ಗದಿಂದ ಆ ತಾತ ಬರ್ತಾರೆ, ಸೌದೆ ಒಳಗೆ ಹಾಕು" ಅಂತಿದ್ದಾಳೆ. ಹೋಗಬೇಕು.

ಜೈಭೀಮ್.